ಮೆಚ್ಚಿದ ಕಾದಂಬರಿಯನ್ನು ಮತ್ತೆ ಓದುವ ಮತ್ತು ನಾಲ್ಕು ಜನರೊಡನೆ ಚರ್ಚಿಸುವ ಬಗೆ

ಹಿಂದೆ ಓದಿ ಮೆಚ್ಚಿದ್ದ ಕಾದಂಬರಿಯೊಂದನ್ನು ಮತ್ತೆ ಓದಬೇಕೆಂದು ನಿರ್ಧರಿಸಿದ ಕೂಡಲೇ ಅದನ್ನು ಕಪಾಟಿನಿಂದ ತೆಗೆದು ಮೊದಲ ಪುಟ ತೆರೆಯಬೇಡಿ. ಅದಕ್ಕೂ ಮುಂಚೆ ಒಂದು ಹಾಳೆ ತೆಗೆದುಕೊಂಡು, ಆ ಕಾದಂಬರಿಯಲ್ಲಿ ನಿಮಗೆ ನೆನಪಿರುವುದನ್ನೆಲ್ಲ ಬರೆದಿಡಿ. ಕತೆ ಎಲ್ಲಿ ಆರಂಭವಾಗುತ್ತದೆ, ಯಾರ ಹೆಸರು ನೆನಪಿದೆ, ಯಾರ ಹೆಸರು ಮರೆತು ಸಂಬಂಧವಷ್ಟೇ ನೆನಪಿದೆ, ಕೊನೆಯಲ್ಲಿ ಏನಾಗುತ್ತದೆ, ಯಾವ ಸನ್ನಿವೇಶ ಇನ್ನೂ ಕಣ್ಣಿಗೆ ಕಟ್ಟಿದೆ, ಆಗ ನೀವು ಯಾರ ಪಕ್ಷ ವಹಿಸಿದ್ದಿರಿ ಎಂಬಷ್ಟನ್ನು ಬರೆದರೆ ಸಾಕು. ಬರೆಯುವಾಗ ಯಾರನ್ನೂ ಕೇಳಬಾರದು, ಬೆನ್ನುಡಿಯನ್ನೂ ನೋಡಬಾರದು. ಮುಂದೆ ನಡೆಯುವ ಎಲ್ಲ ಚರ್ಚೆಗೂ ಈ ಹಾಳೆಯೇ ಆಧಾರ. ಎರಡು ಅಧ್ಯಾಯ ಓದುವಷ್ಟರಲ್ಲಿ ಹಳೆಯ ನೆನಪು ಹೊಸ ಓದಿನೊಡನೆ ಬೆರೆತುಹೋಗುತ್ತದೆ; ಆಮೇಲೆ ಮೊದಲ ಓದಿನಲ್ಲಿ ತಾನು ಏನನ್ನು ಗ್ರಹಿಸಿದ್ದೆ ಎಂಬುದನ್ನು ಎಂಥ ಪ್ರಾಮಾಣಿಕ ಓದುಗನೂ ಖಚಿತವಾಗಿ ಹೇಳಲಾರ.

ನೆನಪು ಮೂಲದಿಂದ ಎಷ್ಟು ದೂರ ಸರಿದಿರುತ್ತದೆ ಎಂಬುದನ್ನು ಪರೀಕ್ಷಿಸಲು ಯು.ಆರ್. ಅನಂತಮೂರ್ತಿಯವರ ‘ಸಂಸ್ಕಾರ’ (1965) ತಕ್ಕ ಪುಸ್ತಕ. ದೂರ್ವಾಸಪುರದ ಅಗ್ರಹಾರದಲ್ಲಿ ನಾರಣಪ್ಪ ಸತ್ತಿರುವುದು, ಅವನ ಶವಸಂಸ್ಕಾರ ಮಾಡುವವರು ಯಾರೆಂಬ ಪ್ರಶ್ನೆ ಬಗೆಹರಿಯದೆ ಉಳಿಯುವುದು, ಅಗ್ರಹಾರದ ಹಿರಿಯ ಪಂಡಿತ ಪ್ರಾಣೇಶಾಚಾರ್ಯರು ಕಾಡಿನಲ್ಲಿ ನಾರಣಪ್ಪನ ಜೊತೆಗಾತಿ ಚಂದ್ರಿಯನ್ನು ಕೂಡುವುದು ಓದಿದ ಎಲ್ಲರಿಗೂ ನೆನಪಿರುತ್ತದೆ. ಆದರೆ ಕೊನೆಗೆ ಆ ಶವ ಏನಾಯಿತೆಂದು ಕೇಳಿ ನೋಡಿ. ಚಂದ್ರಿಯೇ ರಾತ್ರಿಯ ಹೊತ್ತಿನಲ್ಲಿ ಒಬ್ಬ ಮುಸಲ್ಮಾನನ ನೆರವಿನಿಂದ ಅದನ್ನು ಸುಟ್ಟುಬಿಡುತ್ತಾಳೆ ಎಂಬುದು, ಇಡೀ ಕಾದಂಬರಿಯ ಪ್ರಶ್ನೆಯನ್ನೇ ಬೇರೆ ಕಡೆಗೆ ತಿರುಗಿಸುವ ಈ ಸಂಗತಿ, ಅನೇಕರ ನೆನಪಿನಿಂದ ಜಾರಿಹೋಗಿರುತ್ತದೆ. ಆಚಾರ್ಯರು ಅಗ್ರಹಾರಕ್ಕೆ ಮರಳಿ ಎಲ್ಲವನ್ನೂ ಒಪ್ಪಿಕೊಂಡರೆಂದು ಹೇಳುವವರೂ ಸಿಗುತ್ತಾರೆ. ಕಾದಂಬರಿಯಾದರೋ ಅವರನ್ನು ದಾರಿಯಲ್ಲಿಯೇ ಬಿಟ್ಟು ಮುಗಿಯುತ್ತದೆ. ಲೇಖಕರು ಬರೆಯದ ಕೊನೆಯನ್ನು ಓದುಗರು ತಾವೇ ಬರೆದುಕೊಂಡಿರುವುದು ನಾಚಿಕೆಪಡುವ ವಿಷಯವಲ್ಲ. ತಪ್ಪೊಪ್ಪಿಗೆ ಆಗಲೇಬೇಕೆಂದು ಆ ಓದುಗರಿಗೆ ಅನ್ನಿಸಿದ್ದೇಕೆ ಎಂಬುದೇ ಒಂದು ಸಂಜೆಯ ಚರ್ಚೆಗೆ ಸಾಲುವಷ್ಟು ದೊಡ್ಡ ವಿಷಯ.

ಕನ್ನಡದ ಓದುಗರ ನೆನಪಿನಲ್ಲಿ ಸಿನಿಮಾದ ಪಾಲೂ ದೊಡ್ಡದು. ತ್ರಿವೇಣಿಯವರ ‘ಶರಪಂಜರ’ದ ಕಾವೇರಿ ಎಂದೊಡನೆ ಪುಟ್ಟಣ್ಣ ಕಣಗಾಲರ 1971ರ ಚಿತ್ರದ ಕಲ್ಪನಾ ಅವರ ಮುಖವೇ ಎದುರಿಗೆ ಬರುತ್ತದೆ. 1972ರ ‘ನಾಗರಹಾವು’ ಚಿತ್ರದ ಕತೆಯಂತೂ ತ.ರಾ.ಸು. ಅವರ ಒಂದೇ ಕಾದಂಬರಿಯದಲ್ಲ. ‘ನಾಗರಹಾವು’, ‘ಒಂದು ಗಂಡು ಎರಡು ಹೆಣ್ಣು’, ‘ಸರ್ಪ ಮತ್ಸರ’ ಎಂಬ ಮೂರು ಕಾದಂಬರಿಗಳನ್ನು ಸೇರಿಸಿ ಅದನ್ನು ಹೆಣೆಯಲಾಗಿತ್ತು. ಚಿತ್ರ ನೋಡಿದವರು ಮೊದಲ ಕಾದಂಬರಿಯೊಂದನ್ನೇ ಮತ್ತೆ ಓದಿದರೆ, ತಮಗೆ ನೆನಪಿದ್ದ ಎಷ್ಟೋ ಸನ್ನಿವೇಶಗಳನ್ನು ಅಲ್ಲಿ ಕಾಣದೆ ಗೊಂದಲಕ್ಕೆ ಬೀಳುತ್ತಾರೆ. ಆದ್ದರಿಂದ ನೆನಪಿನ ಹಾಳೆಯಲ್ಲಿ ಚಿತ್ರವನ್ನೋ ಧಾರಾವಾಹಿಯನ್ನೋ ನಾಟಕವನ್ನೋ ನೋಡಿದ್ದೀರಾ ಎಂಬುದನ್ನೂ ಗುರುತು ಹಾಕಿಕೊಳ್ಳಿ. ಓದಿ ಮುಗಿಯುವವರೆಗೆ ಆ ಚಿತ್ರವನ್ನು ಮತ್ತೆ ನೋಡದಿರುವುದು ಒಳ್ಳೆಯದು.

ಕಾದಂಬರಿ, ಪ್ರತಿ ಮತ್ತು ಜೊತೆಗಾರರು

ಐದಾರು ಮಂದಿ ಸೇರಿ ಮಾಡುವುದಾದರೆ ಯಾವ ಕಾದಂಬರಿ ಎಂಬುದನ್ನು ಬಹುಮತದಿಂದ ತೀರ್ಮಾನಿಸಬೇಡಿ. ಎಲ್ಲರಿಗೂ ಸಮ್ಮತವಾದದ್ದು ಯಾರಿಗೂ ಅಷ್ಟಾಗಿ ಬೇಕಿಲ್ಲದ ಪುಸ್ತಕವೂ ಆಗಿರಬಹುದು. ಪ್ರತಿ ಸಲವೂ ಒಬ್ಬರು ತಮಗೆ ನಿಜವಾಗಿ ಪ್ರಿಯವಾಗಿದ್ದ ಕೃತಿಯನ್ನು ಸೂಚಿಸಲಿ, ಉಳಿದವರು ಒಪ್ಪಿಕೊಳ್ಳಲಿ. ಸೂಚಿಸಿದವರಿಗೆ ಅದನ್ನು ಸಮರ್ಥಿಸುವ ಹೊಣೆ ಇರಬಾರದು. ಇದನ್ನು ಮೊದಲೇ ಸ್ಪಷ್ಟಪಡಿಸಿಕೊಂಡರೆ ಇತರರು ತಮ್ಮ ಅಸಮಾಧಾನವನ್ನು ಸಂಕೋಚವಿಲ್ಲದೆ ಹೇಳುತ್ತಾರೆ. ಗುಂಪಿನಲ್ಲಿ ಆ ಕಾದಂಬರಿಯನ್ನು ಮೊದಲ ಸಲ ಓದುತ್ತಿರುವವರು ಕನಿಷ್ಠ ಒಬ್ಬರಾದರೂ ಇರಲಿ. ಹಳೆಯ ಓದುಗರು ಅಭ್ಯಾಸಬಲದಿಂದ ದಾಟಿಹೋಗುವ ಸಂಗತಿಯನ್ನು ಹೊಸಬರು ನಿಲ್ಲಿಸಿ ಕೇಳುತ್ತಾರೆ.

ಆಯ್ಕೆಯನ್ನು ಪ್ರಶಸ್ತಿ ಪಡೆದ ಕೃತಿಗಳಿಗೆ ಸೀಮಿತಗೊಳಿಸುವುದು ಸರಿಯಲ್ಲವೆಂಬುದು ನನ್ನ ದೃಢವಾದ ಅಭಿಪ್ರಾಯ. ಬೀದಿಯ ಸರ್ಕ್ಯುಲೇಟಿಂಗ್ ಲೈಬ್ರರಿಯಿಂದ ದಿನದ ಬಾಡಿಗೆಗೆ ತಂದ ಕಾದಂಬರಿಗಳನ್ನು, ‘ಸುಧಾ’, ‘ತರಂಗ’ಗಳಲ್ಲಿ ವಾರವಾರವೂ ಕಾದು ಓದಿದ ಧಾರಾವಾಹಿಗಳನ್ನು, ಸಾಯಿಸುತೆಯವರಂಥ ಜನಪ್ರಿಯ ಲೇಖಕಿಯರ ಪುಸ್ತಕಗಳನ್ನು ಓದಿಯೇ ಕನ್ನಡದ ಒಂದು ದೊಡ್ಡ ಓದುಗ ವರ್ಗ, ಅದರಲ್ಲಿಯೂ ಮನೆಯ ಕೆಲಸದ ನಡುವೆ ಬಿಡುವು ಮಾಡಿಕೊಂಡು ಓದುತ್ತಿದ್ದ ಹೆಣ್ಣುಮಕ್ಕಳ ವರ್ಗ, ರೂಪುಗೊಂಡಿತು. ಅವುಗಳನ್ನು ಮತ್ತೆ ಓದುವಾಗ ಬೇರೆ ಯಾವ ಕೃತಿಗೆ ಕೊಡುವಷ್ಟೇ ಗಮನವನ್ನು ಕೊಡಬೇಕು.

ಪ್ರತಿಗಳ ವಿಷಯದಲ್ಲಿ ಒಂದು ಎಚ್ಚರ ಅಗತ್ಯ. ಹಳೆಯ ಕಾದಂಬರಿಗಳು ಬೇರೆ ಬೇರೆ ಕಾಲದಲ್ಲಿ ಬೇರೆ ಬೇರೆ ಪ್ರಕಾಶಕರಿಂದ ಮರುಮುದ್ರಣಗೊಂಡಿರುವುದರಿಂದ ಒಬ್ಬರ ಪ್ರತಿಯ ಪುಟಸಂಖ್ಯೆ ಇನ್ನೊಬ್ಬರ ಪ್ರತಿಗೆ ಹೊಂದುವುದಿಲ್ಲ. ಹಾಗಾಗಿ ಟಿಪ್ಪಣಿಯಲ್ಲಿ ಅಧ್ಯಾಯದ ಸಂಖ್ಯೆಯನ್ನೂ ಆ ಭಾಗದ ಮೊದಲ ಕೆಲವು ಪದಗಳನ್ನೂ ಬರೆದುಕೊಳ್ಳಿ. ಪುಸ್ತಕ ಮಾರಾಟದಲ್ಲಿ ಇಲ್ಲದಿದ್ದರೆ ಸಾರ್ವಜನಿಕ ಗ್ರಂಥಾಲಯದಲ್ಲಿ, ಕಾಲೇಜು ಗ್ರಂಥಾಲಯದಲ್ಲಿ, ಹಳೆಯ ಪುಸ್ತಕಗಳ ಅಂಗಡಿಗಳಲ್ಲಿ ಹುಡುಕಬೇಕು. ಒಂದೇ ಪ್ರತಿ ಸಿಕ್ಕರೆ ಸರದಿಯಂತೆ ಓದಿ. ಆಗ ಮೊದಲು ಓದಿದವರು ಪುಸ್ತಕದ ಅಂಚಿನಲ್ಲಿ ಗೆರೆ ಎಳೆಯಬಾರದು, ಏಕೆಂದರೆ ಆ ಗೆರೆಗಳು ಮುಂದಿನವರ ಗಮನವನ್ನು ಸೆಳೆದು ಅವರ ಓದನ್ನು ಬದಲಿಸುತ್ತವೆ.

ಓದುವಾಗ

ಮರು ಓದಿನಲ್ಲಿ ಕತೆ ಮುಂದೇನಾಗುತ್ತದೆಂಬ ಕುತೂಹಲ ಇರುವುದಿಲ್ಲವಾದ್ದರಿಂದ ಕಣ್ಣು ಬೇಗ ಬೇಗ ಓಡುತ್ತದೆ. ಅದನ್ನು ತಡೆಯುವುದೇ ಇಲ್ಲಿನ ಮುಖ್ಯ ಶಿಸ್ತು. ಕುವೆಂಪು ಅವರ ‘ಮಲೆಗಳಲ್ಲಿ ಮದುಮಗಳು’ (1967) ಕಾದಂಬರಿಯನ್ನು ಉದಾಹರಣೆಯಾಗಿ ತೆಗೆದುಕೊಳ್ಳಿ. ಮೊದಲ ಓದಿನಲ್ಲಿ ಬಹಳಷ್ಟು ಮಂದಿ ಗುತ್ತಿ ಮತ್ತು ತಿಮ್ಮಿಯರ ಕತೆಯನ್ನೋ ಮುಕುಂದಯ್ಯ ಮತ್ತು ಚಿನ್ನಮ್ಮರ ಕತೆಯನ್ನೋ ಹಿಡಿದುಕೊಂಡು, ನಡುವೆ ಬರುವ ನೂರಾರು ಪಾತ್ರಗಳನ್ನು ಹಿನ್ನೆಲೆಯೆಂದು ದಾಟಿಬಿಡುತ್ತಾರೆ. ಆದರೆ ಇಲ್ಲಿ ಯಾರೂ ಮುಖ್ಯರಲ್ಲ, ಯಾರೂ ಅಮುಖ್ಯರಲ್ಲ ಎಂಬ ಅರ್ಥದ ಮಾತನ್ನು ಕುವೆಂಪು ಕಾದಂಬರಿಯ ಬಾಗಿಲಲ್ಲಿಯೇ ಇಟ್ಟಿದ್ದಾರೆ, ಮತ್ತು ಎರಡನೆಯ ಓದು ಆ ಮಾತನ್ನು ಪರೀಕ್ಷಿಸುವ ಓದಾಗಬೇಕು. ಅದಕ್ಕಾಗಿ ಒಂದು ದೊಡ್ಡ ಕಾಗದದಲ್ಲಿ ಸಿಂಬಾವಿ, ಹಳೆಮನೆ, ಬೆಟ್ಟಳ್ಳಿ, ಕೋಣೂರು, ಹೂವಳ್ಳಿ, ಮೇಗರವಳ್ಳಿ ಎಂದು ಊರುಗಳನ್ನು ಬರೆದು, ಯಾವ ಮನೆಯವರು ಯಾರು, ಯಾರ ಆಳು ಯಾರು, ಯಾರು ಎಲ್ಲಿಂದ ಎಲ್ಲಿಗೆ ನಡೆದು ಹೋಗುತ್ತಾರೆ ಎಂಬುದನ್ನು ಗುರುತಿಸುತ್ತ ಹೋಗಿ. ಕಾದಂಬರಿ ಎಷ್ಟರಮಟ್ಟಿಗೆ ಕಾಲ್ನಡಿಗೆಯ ದಾರಿಗಳ ಮೇಲೆ ನಿಂತಿದೆ ಎಂಬುದು ಆಗ ಕಾಣುತ್ತದೆ. ಗುತ್ತಿಯ ನಾಯಿ ಹುಲಿಯನನ್ನು ಮಾತ್ರ ಮೊದಲಿನಿಂದ ಕೊನೆಯವರೆಗೆ ಅನುಸರಿಸುತ್ತ ಓದುವ ಹೊಣೆಯನ್ನು ಒಬ್ಬರಿಗೆ ವಹಿಸಿ ನೋಡಿ. ತುಂಬಿ ಹರಿಯುವ ತುಂಗೆಯಲ್ಲಿ ಅದರ ಕತೆ ಮುಗಿಯುವ ಭಾಗಕ್ಕೆ ಬರುವಷ್ಟರಲ್ಲಿ, ಅದು ಕೇವಲ ಗುತ್ತಿಯ ಹಿಂದೆ ಬಂದ ಪ್ರಾಣಿಯಾಗಿ ಉಳಿದಿರುವುದಿಲ್ಲ. ಇಂಥ ಬೃಹತ್ ಕೃತಿಯನ್ನು ಒಂದೇ ಸಭೆಯಲ್ಲಿ ಚರ್ಚಿಸಲು ಹೋಗಬಾರದು, ನಾಲ್ಕು ಭಾಗ ಮಾಡಿಕೊಳ್ಳಬೇಕು. ಸಿ. ಬಸವಲಿಂಗಯ್ಯನವರು ಇದನ್ನು ರಂಗಕ್ಕೆ ತಂದಾಗ ಅದಕ್ಕೆ ಇಡೀ ರಾತ್ರಿಯೇ ಬೇಕಾಯಿತೆಂಬುದನ್ನು ನೆನೆದರೆ ಅವಸರ ಸಲ್ಲದೆಂಬುದು ತಿಳಿಯುತ್ತದೆ.

ಪ್ರಾದೇಶಿಕ ಮಾತಿನಲ್ಲಿ ಬರೆದ ಕಾದಂಬರಿಗಳನ್ನು ಗಟ್ಟಿಯಾಗಿ ಓದಿ. ದೇವನೂರ ಮಹಾದೇವ ಅವರ ‘ಕುಸುಮಬಾಲೆ’ (1984) ಕಷ್ಟವೆಂದು ಅರ್ಧಕ್ಕೆ ಬಿಟ್ಟವರು ಬಹಳ. ಅದರ ಕನ್ನಡ ನಂಜನಗೂಡು, ಚಾಮರಾಜನಗರದ ಕಡೆಯ ಮಾತಿನ ಲಯದಲ್ಲಿದೆ. ಕಣ್ಣಿನಲ್ಲಿ ಓದಿದರೆ ತೊಡಕಾಗುವ ಸಾಲು ಕಿವಿಗೆ ಬಿದ್ದೊಡನೆ ತೆರೆದುಕೊಳ್ಳುತ್ತದೆ. ಬಳಗದಲ್ಲಿ ಆ ಸೀಮೆಯವರಿದ್ದರೆ ಓದುವ ಕೆಲಸ ಅವರದಾಗಲಿ. ರಾವಬಹಾದ್ದೂರರ ‘ಗ್ರಾಮಾಯಣ’ಕ್ಕೆ ಉತ್ತರ ಕರ್ನಾಟಕದವರು ಹಾಗೆಯೇ ದನಿಯಾಗಬಹುದು. ಹೊರದೇಶಗಳಲ್ಲಿ ಬೆಳೆದು ಕನ್ನಡ ಮಾತನಾಡಬಲ್ಲ ಆದರೆ ಲಿಪಿಯಲ್ಲಿ ವೇಗವಾಗಿ ಓದಲಾರದ ಮಕ್ಕಳು ಮನೆಯಲ್ಲಿದ್ದರೆ, ಅವರೂ ಈ ಮೂಲಕ ಕೇಳುಗರಾಗಿ ಬಳಗದೊಳಗೆ ಬರಬಹುದು.

ಓದುತ್ತಿರುವಾಗ ಎಲ್ಲವನ್ನೂ ಟಿಪ್ಪಣಿ ಮಾಡುವ ಅಗತ್ಯವಿಲ್ಲ. ಮೂರು ಬಗೆಯ ಜಾಗಗಳನ್ನು ಗುರುತಿಸಿದರೆ ಸಾಕು: ನೆನಪಿಗೂ ಪುಸ್ತಕಕ್ಕೂ ಹೊಂದದ ಜಾಗ, ಹಿಂದೆ ಗಮನಕ್ಕೇ ಬಾರದಿದ್ದ ಜಾಗ, ಮತ್ತು ಹಿಂದೆ ಮೆಚ್ಚಿದ್ದು ಈಗ ಇರಿಸುಮುರಿಸು ಉಂಟುಮಾಡುವ ಜಾಗ. ಮೂರನೆಯದನ್ನು ಗುರುತಿಸಲು ಮನಸ್ಸು ಹಿಂಜರಿಯುತ್ತದೆ, ಆದ್ದರಿಂದ ಅದನ್ನೇ ಹೆಚ್ಚು ಎಚ್ಚರದಿಂದ ಗುರುತಿಸಬೇಕು.

ಮಾತಿಗೆ ಕೂತಾಗ

ಸಭೆಯನ್ನು ‘ಹೇಗನ್ನಿಸಿತು’ ಎಂಬ ಪ್ರಶ್ನೆಯಿಂದ ಆರಂಭಿಸಿದರೆ ಚೆನ್ನಾಗಿದೆ, ಅಷ್ಟೇನೂ ಇಲ್ಲ ಎಂಬ ಉತ್ತರಗಳು ಬಂದು ಐದು ನಿಮಿಷದಲ್ಲಿ ಮಾತು ಮುಗಿಯುತ್ತದೆ. ಅದರ ಬದಲು ಪ್ರತಿಯೊಬ್ಬರೂ ತಮ್ಮ ನೆನಪಿನ ಹಾಳೆಯನ್ನು ಓದಲಿ. ನಡುವೆ ಯಾರೂ ತಿದ್ದಬಾರದು. ಎಲ್ಲರದೂ ಆದ ಮೇಲೆ, ಹಾಳೆಗಳು ಪುಸ್ತಕದಿಂದ ಎಲ್ಲಿ ಬೇರೆಯಾದವು ಎಂಬಲ್ಲಿಂದ ಮಾತು ಶುರುವಾಗಲಿ. ಆಮೇಲಿನ ನಿಯಮ ಒಂದೇ: ಯಾವ ಅಭಿಪ್ರಾಯ ಹೇಳಿದರೂ ಅದಕ್ಕೆ ಕಾರಣವಾದ ಭಾಗವನ್ನು ಪುಸ್ತಕದಲ್ಲಿ ತೆರೆದು ತೋರಿಸಬೇಕು. ಈ ನಿಯಮ ಇದ್ದಲ್ಲಿ ಹೆಚ್ಚು ಓದಿದವರ ದಬ್ಬಾಳಿಕೆ ತಾನಾಗಿ ಕಡಿಮೆಯಾಗುತ್ತದೆ, ವಿಮರ್ಶೆಯ ಪರಿಭಾಷೆ ತಿಳಿಯದವರಿಗೂ ಸಮಾನ ನೆಲ ಸಿಗುತ್ತದೆ.

ಜಗಳದವರೆಗೆ ಹೋಗುವ ಚರ್ಚೆಗಳೂ ಇವೆ, ಮತ್ತು ಅವು ಆಗಬೇಕು. ಎಸ್.ಎಲ್. ಭೈರಪ್ಪನವರ ‘ವಂಶವೃಕ್ಷ’ವನ್ನು (1965) ಎರಡು ತಲೆಮಾರಿನ ಓದುಗರ ನಡುವೆ ಇಟ್ಟರೆ ಮಾತು ನೇರವಾಗಿ ಕಾತ್ಯಾಯನಿಗೆ ಬಂದು ನಿಲ್ಲುತ್ತದೆ. ನಂಜನಗೂಡಿನ ಶ್ರೀನಿವಾಸ ಶ್ರೋತ್ರಿಗಳ ಸೊಸೆ, ಎಳೆಯ ವಯಸ್ಸಿನಲ್ಲಿ ಗಂಡನನ್ನು ಕಳೆದುಕೊಂಡು, ಮೈಸೂರಿನಲ್ಲಿ ಕಾಲೇಜಿಗೆ ಸೇರಿ, ಅಧ್ಯಾಪಕ ರಾಜಾರಾಯನನ್ನು ಮದುವೆಯಾಗುತ್ತಾಳೆ. ಮಗ ಚೀನಿ ಮಾತ್ರ ಮಾವನ ಮನೆಯಲ್ಲಿಯೇ ಉಳಿಯುತ್ತಾನೆ. ಆ ಎರಡನೆಯ ದಾಂಪತ್ಯದಲ್ಲಿ ಅವಳಿಗೆ ಮಗು ಉಳಿಯುವುದಿಲ್ಲ, ಆರೋಗ್ಯವೂ ಉಳಿಯುವುದಿಲ್ಲ. ಮರುಮದುವೆಯಾದ ಹೆಣ್ಣನ್ನು ಕಾದಂಬರಿ ಶಿಕ್ಷಿಸುತ್ತಿದೆ ಎಂದು ಒಬ್ಬರು ಹೇಳುತ್ತಾರೆ. ಶಿಕ್ಷೆ ಕಾದಂಬರಿಯದಲ್ಲ, ಅವಳು ಬೆಳೆದ ಸಂಸ್ಕಾರ ಅವಳೊಳಗೆ ಬಿತ್ತಿದ ಅಪರಾಧಭಾವದ್ದು ಎಂದು ಇನ್ನೊಬ್ಬರು ವಾದಿಸುತ್ತಾರೆ. ಶ್ರೋತ್ರಿಗಳು ತಮ್ಮ ಹುಟ್ಟಿನ ಬಗೆಗಿನ ಸತ್ಯವನ್ನು ಕಂಡುಕೊಂಡಾಗ ಅವರು ನಂಬಿದ್ದ ವಂಶದ ಕಲ್ಪನೆಯೇ ಕುಸಿಯುವುದರಿಂದ, ಕಾದಂಬರಿ ಯಾರನ್ನೂ ಬಿಟ್ಟಿಲ್ಲ ಎಂಬ ಮೂರನೆಯ ಮಾತೂ ಬರುತ್ತದೆ.

ಈ ಹಂತದಲ್ಲಿ ಸಭೆಯನ್ನು ನಡೆಸುವವರು ಮಾಡಬೇಕಾದ ಕೆಲಸ ಮಧ್ಯಸ್ಥಿಕೆಯಲ್ಲ, ಬೇರ್ಪಡಿಸುವಿಕೆ. ಒಂದು ಮಾತು ಪಾತ್ರದ ನಂಬಿಕೆಯೇ, ನಿರೂಪಣೆಯ ಒಲವೇ, ಅಥವಾ ಲೇಖಕರು ಬೇರೆಡೆ ಆಡಿದ ಮಾತುಗಳಿಂದ ನಾವು ತಂದು ಸೇರಿಸಿದ್ದೇ ಎಂದು ಒಂದೊಂದಾಗಿ ಕೇಳಬೇಕು. ಅನಂತಮೂರ್ತಿ, ಭೈರಪ್ಪನವರಂಥ ಲೇಖಕರ ಸಾರ್ವಜನಿಕ ನಿಲುವುಗಳ ಬಗ್ಗೆ ಓದುಗರಲ್ಲಿ ಗಟ್ಟಿಯಾದ ಪಕ್ಷಪಾತಗಳಿರುವುದು ಸಹಜ. ಆದರೆ 1965ರಲ್ಲಿ ಪ್ರಕಟವಾದ ಕಾದಂಬರಿಯನ್ನು ಅದರ ಲೇಖಕರು ದಶಕಗಳ ಅನಂತರ ನೀಡಿದ ಹೇಳಿಕೆಗಳಿಂದ ಓದುವುದು ಕೃತಿಗೂ ಓದುಗರಿಗೂ ಅನ್ಯಾಯ. ಆ ವಿಷಯ ಚರ್ಚಿಸಲೇಬೇಕೆಂದಿದ್ದರೆ ಅದಕ್ಕೆ ಸಭೆಯ ಕೊನೆಯಲ್ಲಿ ಪ್ರತ್ಯೇಕ ಸಮಯ ಕೊಡಿ.

ವಯಸ್ಸು ಓದನ್ನು ಹೇಗೆ ಬದಲಿಸುತ್ತದೆ ಎಂಬುದನ್ನು ಮಾತನಾಡಲು ಶಿವರಾಮ ಕಾರಂತರ ‘ಬೆಟ್ಟದ ಜೀವ’ (1943) ನನಗೆ ತಿಳಿದಂತೆ ಎಲ್ಲಕ್ಕಿಂತ ತಕ್ಕ ಕಾದಂಬರಿ. ಸುಬ್ರಹ್ಮಣ್ಯದ ಕಡೆಯ ಕಾಡಿನಲ್ಲಿ ದಾರಿ ತಪ್ಪಿದ ನಿರೂಪಕ ಗೋಪಾಲಯ್ಯನವರ ಮನೆಗೆ ಬಂದು ಕೆಲವು ದಿನ ಉಳಿಯುತ್ತಾನೆ. ಶಾಲಾ ಕಾಲೇಜಿನ ದಿನಗಳಲ್ಲಿ ಓದಿದವರಿಗೆ ಬೆಟ್ಟ, ಮಳೆ, ಹುಲಿಯ ಬೇಟೆ, ಕಾಡು ಕಡಿದು ತೋಟ ಮಾಡಿದ ಮುದುಕನ ಉತ್ಸಾಹ ನೆನಪಿರುತ್ತದೆ. ನಡುವಯಸ್ಸು ದಾಟಿದ ಮೇಲೆ ಅದೇ ಪುಟಗಳಲ್ಲಿ, ಮನೆಗೆ ಬಂದ ಅತಿಥಿಯನ್ನು, ಮನೆ ಬಿಟ್ಟು ಹೋದ ಮಗ ಶಂಭುವಿನ ಸುದ್ದಿ ಸಿಕ್ಕೀತೆಂದು, ಹೋಗಗೊಡದೆ ಉಪಚರಿಸುವ ಶಂಕರಮ್ಮ ಕಾಣುತ್ತಾರೆ. ಗೋಪಾಲಯ್ಯನವರ ತಮಾಷೆಯ ಮಾತುಗಳಲ್ಲಿ ಎಷ್ಟು ಹೆಂಡತಿಯ ದುಃಖವನ್ನು ಮರೆಸುವುದಕ್ಕಾಗಿ ಆಡಿದವು ಎಂಬ ಪ್ರಶ್ನೆಯನ್ನು ಇಟ್ಟುಕೊಂಡು ಒಂದೊಂದು ಸಂಭಾಷಣೆಯನ್ನೂ ಓದಿ. ಮಕ್ಕಳು ಬೆಂಗಳೂರಿನಲ್ಲಿಯೋ ಅಮೆರಿಕದಲ್ಲಿಯೋ ನೆಲೆಸಿರುವ ಹಿರಿಯರೂ, ಹಾಗೆ ಊರು ಬಿಟ್ಟುಬಂದ ಕಿರಿಯರೂ ಒಂದೇ ಬಳಗದಲ್ಲಿದ್ದರೆ ಈ ಕಾದಂಬರಿಯ ಮಾತು ಇನ್ನೆಲ್ಲಿಯೂ ನಡೆಯದಷ್ಟು ಮನಬಿಚ್ಚಿ ನಡೆಯುತ್ತದೆ. ಶಂಭುವಿನ ಪಕ್ಷವನ್ನು ಯಾರಾದರೊಬ್ಬರು ವಹಿಸಲೇಬೇಕು. ಯಾರೂ ಮುಂದೆ ಬಾರದಿದ್ದರೆ ಅತ್ಯಂತ ಹಿರಿಯರನ್ನೇ ಅದಕ್ಕಾಗಿ ಕೇಳಿಕೊಳ್ಳಿ.

ಕೆಲವು ಕಾದಂಬರಿಗಳ ವಿಷಯದಲ್ಲಿ ಮಾತನ್ನು ಒತ್ತಾಯಿಸಬಾರದು. ಮನಃಶಾಸ್ತ್ರ ಓದಿದ್ದ ತ್ರಿವೇಣಿಯವರು ‘ಶರಪಂಜರ’ದಲ್ಲಿ ಚಿತ್ತಸ್ವಾಸ್ಥ್ಯ ಕಳೆದುಕೊಂಡ ಕಾವೇರಿ ಗುಣವಾಗಿ ಮನೆಗೆ ಮರಳಿದ ಮೇಲೂ ಸುತ್ತಲಿನವರು ಅವಳ ಪ್ರತಿ ನಡೆಯಲ್ಲಿಯೂ ಹುಚ್ಚನ್ನೇ ಹುಡುಕುವುದನ್ನು ತೋರಿಸಿದ್ದಾರೆ. ಅಂಥ ಅನುಭವ ಇರುವ ಮನೆಯವರು ಬಳಗದಲ್ಲಿದ್ದರೆ ಅವರು ಕೇಳುತ್ತ ಕೂರುವುದಕ್ಕೂ ಅವಕಾಶವಿರಲಿ. ಇಲ್ಲಿ ಚರ್ಚೆಯನ್ನು ಪಾತ್ರಗಳ ನಡೆನುಡಿಗೆ ಸೀಮಿತಗೊಳಿಸಿ, ‘ನಮ್ಮ ಮನೆಯಲ್ಲಿ’ ಎಂಬ ಮಾತನ್ನು ಹೇಳಬಯಸುವವರು ತಾವಾಗಿ ಹೇಳುವವರೆಗೆ ಕಾಯುವುದು ಸರಿ.

ಒಮ್ಮೆ ಪ್ರಾಣಕ್ಕಿಂತ ಹೆಚ್ಚಾಗಿದ್ದ ಕಾದಂಬರಿ ಈಗ ಸಪ್ಪೆಯಾಗಿ ಕಂಡರೆ ಅದನ್ನು ಹೇಳಲು ಹಿಂಜರಿಯಬೇಡಿ, ಹಾಗೆಯೇ ಆಗಿನ ಮೆಚ್ಚುಗೆಯನ್ನು ಎಳೆತನವೆಂದು ತಳ್ಳಿಹಾಕಲೂಬೇಡಿ. ಹದಿನೇಳರ ವಯಸ್ಸಿನಲ್ಲಿ ಆ ಪುಸ್ತಕದಿಂದ ನಿಮಗೆ ಏನು ಬೇಕಾಗಿತ್ತು, ಅದು ಸಿಕ್ಕಿತ್ತೇ ಎಂದು ಕೇಳಿಕೊಂಡರೆ ಹೇಳಲು ಬೇಕಾದಷ್ಟು ಸಿಗುತ್ತದೆ. ಇದಕ್ಕೆ ವಿರುದ್ಧವಾದದ್ದೂ ಆಗುತ್ತದೆ: ಪೂರ್ಣಚಂದ್ರ ತೇಜಸ್ವಿಯವರ ‘ಕರ್ವಾಲೊ’ವನ್ನು (1980) ಹಾರುವ ಓತಿಯ ಬೆನ್ನುಹತ್ತಿದ ಸಾಹಸಕತೆಯಾಗಿ ಮೆಚ್ಚಿದ್ದವರು, ಮತ್ತೆ ಓದಿದಾಗ ಊರವರು ಲೆಕ್ಕಕ್ಕಿಡದ ಮಂದಣ್ಣನಲ್ಲಿ ಒಬ್ಬ ಸಹಜ ವಿಜ್ಞಾನಿಯನ್ನು ಕರ್ವಾಲೊ ಗುರುತಿಸಿದ ಬಗೆಯೇ ಕಾದಂಬರಿಯ ಹೃದಯವೆಂದು ಕಂಡುಕೊಳ್ಳುತ್ತಾರೆ.

ಅಭಿಪ್ರಾಯ ಬರೆಯುವುದು ಮತ್ತು ಮುಂದಿನ ಆಯ್ಕೆ

ಸಭೆಯ ಮರುದಿನವೇ ಎರಡು ಪುಟ ಮೀರದಂತೆ ನಿಮ್ಮ ಅಭಿಪ್ರಾಯವನ್ನು ಬರೆಯಿರಿ. ಕಥಾಸಾರದಿಂದ ಆರಂಭಿಸಬೇಡಿ, ಓದಿದವರಿಗೆ ಅದು ಬೇಡ, ಓದದವರಿಗೆ ಅದು ಕೇಡು. ನೆನಪಿಗೂ ಪುಸ್ತಕಕ್ಕೂ ನಡುವೆ ಕಂಡ ಅತಿ ದೊಡ್ಡ ವ್ಯತ್ಯಾಸದಿಂದ ಆರಂಭಿಸಿ, ಅದಕ್ಕೆ ಕಾರಣವಾದ ಒಂದೇ ಒಂದು ಸನ್ನಿವೇಶವನ್ನು ವಿವರವಾಗಿ ಎತ್ತಿಕೊಳ್ಳಿ, ಸಭೆಯಲ್ಲಿ ನಿಮಗೆ ಒಪ್ಪಿಗೆಯಾಗದ ಮಾತೊಂದನ್ನು ಆಡಿದವರು ಮೆಚ್ಚುವಷ್ಟು ನ್ಯಾಯವಾಗಿ ದಾಖಲಿಸಿ, ಆಮೇಲೆ ನಿಮ್ಮ ಉತ್ತರ ಬರೆಯಿರಿ. ಕೊನೆಯ ಗುಟ್ಟು ಬಿಟ್ಟುಕೊಡುವುದು ಅನಿವಾರ್ಯವಾದರೆ ಮೊದಲೇ ಎಚ್ಚರಿಸಿ. ಯಾವ ವರ್ಷದ ಮುದ್ರಣವನ್ನು ಓದಿದಿರಿ ಎಂಬುದನ್ನು ನಮೂದಿಸಿ.

ಮುಂದಿನ ಕಾದಂಬರಿಯನ್ನು ಹಿಂದಿನದರ ಚರ್ಚೆಯಲ್ಲಿ ಉತ್ತರ ಸಿಗದೆ ಉಳಿದ ಪ್ರಶ್ನೆಯಿಂದ ಆರಿಸಿಕೊಳ್ಳುವುದು ಒಳ್ಳೆಯ ಕ್ರಮ. ಕಾತ್ಯಾಯನಿಯ ಬಗ್ಗೆ ಒಮ್ಮತಕ್ಕೆ ಬಾರದ ಬಳಗ ಎಂ.ಕೆ. ಇಂದಿರಾ ಅವರ ‘ಫಣಿಯಮ್ಮ’ (1976) ತೆಗೆದುಕೊಳ್ಳಬಹುದು. ಬಾಲ್ಯದಲ್ಲಿಯೇ ವಿಧವೆಯಾಗಿ, ಮರುಮದುವೆಯ ಮಾತೇ ಇಲ್ಲದ ಲೋಕದಲ್ಲಿ ದೀರ್ಘಕಾಲ ಬದುಕಿದ ಫಣಿಯಮ್ಮ, ತಲೆ ಬೋಳಿಸಿಕೊಳ್ಳಲು ಒಪ್ಪದ ಕಿರಿಯ ವಿಧವೆಯ ಪರವಾಗಿ ಮಾತನಾಡುತ್ತಾಳೆ. ಕಟ್ಟಳೆಯನ್ನು ತಾನು ಕೊನೆಯವರೆಗೂ ಪಾಲಿಸಿದವಳಿಗೆ ಅದನ್ನು ಇನ್ನೊಬ್ಬಳ ಮೇಲೆ ಹೇರಬಾರದೆಂದು ಅನ್ನಿಸಿದ್ದು ಎಲ್ಲಿಂದ, ಕಾದಂಬರಿಯ ಯಾವ ಪುಟದಲ್ಲಿ ಅದರ ಬೀಜವಿದೆ ಎಂಬ ಪ್ರಶ್ನೆಯನ್ನು ಓದು ಆರಂಭವಾಗುವ ಮೊದಲೇ ಎಲ್ಲರ ಮುಂದೆ ಇಟ್ಟರೆ, ಹಿಂದಿನ ಸಭೆಯಲ್ಲಿ ಎದುರುಬದುರಾಗಿದ್ದವರು ಈ ಸಲ ಒಂದೇ ಪುಟವನ್ನು ಹುಡುಕುತ್ತ ಓದುತ್ತಾರೆ.